ಒಂದು ಮಾತು ಹೇಳುವವರು

ಭಾನುವಾರ ಬೆಳಗಿನ ತಿಂಡಿಯ ತಟ್ಟೆಗಳು ಇನ್ನೂ ಎದ್ದಿರುವುದಿಲ್ಲ. ಅಷ್ಟರಲ್ಲಿ ಫೋನು ಮೊಳಗುತ್ತದೆ. ಬೆಂಗಳೂರಿನ ವಿಜಯನಗರದ ಕಡೆಯ ಒಂದು ಮನೆಯೆಂದು ಇಟ್ಟುಕೊಳ್ಳೋಣ. ಮನೆಯ ಯಜಮಾನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ದುಡಿಯುತ್ತಿರುವ ತರುಣ. ಕರೆ ಬಂದಿರುವುದು ಕೃಷ್ಣರಾಜಪೇಟೆಯ ಬಳಿಯ ಹಳ್ಳಿಯಿಂದ, ಮಾತನಾಡುತ್ತಿರುವವರು ದೊಡ್ಡಪ್ಪ. ಮಳೆ, ಕಬ್ಬು, ಹಾಲಿನ ಡೇರಿ, ಮೊಣಕಾಲಿನ ನೋವು ಇವುಗಳ ಸಮಾಚಾರವೆಲ್ಲ ಮುಗಿದ ಮೇಲೆ ಮಾತು ಮೆಲ್ಲಗೆ ಬೇರೆ ದಾರಿ ಹಿಡಿಯುತ್ತದೆ.

“ನಮ್ ಸಣ್ಣಕ್ಕನ ಮೊಮ್ಮಗ ಇಂಜಿನಿಯರಿಂಗ್ ಮುಗಿಸವ್ನೆ ಕಣ್ ಮಗಾ. ಕಂಪ್ಯೂಟ್ರೇ ಓದವ್ನೆ. ನಿನ್ ಕಂಪ್ನೀಲಿ ಒಂದ್ ಮಾತು ಹೇಳ್ಬುಡು. ನಿನ್ ಮಾತು ನಡೀತದಂತೆ.”

“ಆಯ್ತು ದೊಡ್ಡಪ್ಪ. ಅವನ ಕೈಲೇ ಒಂದು ಫೋನು ಮಾಡ್ಸಿ, ನೋಡ್ತೀನಿ.”

ಈ ಸಂಭಾಷಣೆಯನ್ನು ಕೇಳಿ ದೊಡ್ಡಪ್ಪನವರನ್ನು ಹಳ್ಳಿಯ ಮುಗ್ಧರೆಂದು ನಗುವವರು ಇದ್ದಾರು. ನಗಬೇಕಾದುದೇನೂ ಇಲ್ಲ. ಲೋಕದ ವ್ಯವಹಾರ ಹೇಗೆ ನಡೆಯುತ್ತದೆಂಬುದನ್ನು ಅವರು ಎಪ್ಪತ್ತು ವರ್ಷ ಕಣ್ಣಾರೆ ಕಂಡವರು. ಗೊಬ್ಬರದ ಚೀಲವಿರಲಿ, ಆಸ್ಪತ್ರೆಯ ಹಾಸಿಗೆಯಿರಲಿ, ಹೆಣ್ಣಿಗೆ ಗಂಡು ಹುಡುಕುವುದಿರಲಿ, ‘ಒಂದು ಮಾತು ಹೇಳುವವರು’ ಇದ್ದ ಕಡೆ ಕೆಲಸ ಹಗುರವಾಗುವುದೆಂಬುದು ಅವರ ಅನುಭವ. ಕಂಪ್ಯೂಟರಿನ ಕಂಪನಿಗೆ ಮಾತ್ರ ಬೇರೆಯ ನ್ಯಾಯ ಇರಬೇಕೆಂದು ಅವರೇಕೆ ನಂಬಬೇಕು?

ಸ್ವಾರಸ್ಯವೆಂದರೆ, ಅವರ ಊಹೆ ನಿಜವೇ ಆಗಿದೆ. ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಇದು ಗುಟ್ಟಿನ ವ್ಯವಹಾರವೂ ಅಲ್ಲ. ‘ರೆಫರಲ್’ ಎಂಬ ಹೆಸರಿನಲ್ಲಿ ಅನೇಕ ಸಂಸ್ಥೆಗಳು ತಮ್ಮ ನೌಕರರನ್ನೇ ಕೇಳುತ್ತವೆ: ನಿಮಗೆ ಗೊತ್ತಿರುವ ಸಮರ್ಥ ಪ್ರೋಗ್ರಾಮರುಗಳು ಯಾರಾದರೂ ಇದ್ದಾರೆಯೆ? ಹಾಗೆ ಸೂಚಿತನಾದವನು ಆಯ್ಕೆಯಾಗಿ, ಕೆಲಸಕ್ಕೆ ಸೇರಿ, ಕೆಲವು ತಿಂಗಳು ನಿಂತನೆಂದರೆ, ಸೂಚಿಸಿದವನಿಗೆ ಬಹುಮಾನದ ಹಣವನ್ನು ಕೊಡುವ ಪದ್ಧತಿಯೂ ಉಂಟು. ಒಂದು ಹುದ್ದೆಗೆ ಸಾವಿರಗಟ್ಟಲೆ ಅರ್ಜಿಗಳು ಬಂದು ಬೀಳುವಾಗ, ಪರಿಚಿತನೊಬ್ಬನ ಮಾತು ಇರುವ ಅರ್ಜಿ ರಾಶಿಯ ಮೇಲಕ್ಕೆ ಬರುತ್ತದೆ. ಉಳಿದವುಗಳಲ್ಲಿ ಎಷ್ಟನ್ನು ಮನುಷ್ಯರ ಕಣ್ಣು ನೋಡುತ್ತದೆಂಬುದನ್ನು ದೇವರೇ ಬಲ್ಲ.

ಕನ್ನಡದಲ್ಲಿ ಇದಕ್ಕೆ ಎರಡು ಮಾತುಗಳಿವೆ. ಒಂದು ಪಾರಸಿಯಿಂದ ಬಂದ ‘ಶಿಫಾರಸು’. ಇನ್ನೊಂದು ಅರಬ್ಬಿಯಿಂದ ಬಂದ ‘ವಶೀಲಿ’. ಎರಡನೆಯದಕ್ಕೆ ಮೂಲದಲ್ಲಿ ಸಾಧನ, ದಾರಿ ಎಂದಿಷ್ಟೇ ಅರ್ಥ. ನಮ್ಮಲ್ಲಿಗೆ ಬರುವ ಹೊತ್ತಿಗೆ ಆ ದಾರಿ ಹಿತ್ತಲ ಬಾಗಿಲಿನ ದಾರಿಯಾಯಿತು. ಶಿಫಾರಸಿಗೆ ಇನ್ನೂ ಅಷ್ಟು ಕೆಟ್ಟ ಹೆಸರಿಲ್ಲ. ಸರ್ಕಾರದ ಸಮಿತಿಗಳು ಕೂಡ ಶಿಫಾರಸು ಮಾಡುತ್ತವೆ. ಬೆಂಗಳೂರಿನ ಆ ತರುಣ ತನ್ನ ಕಂಪನಿಗೆ ಕಳುಹಿಸುವುದು ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ತೀರುವಂಥದಲ್ಲ.

ಕುಶಲಿಗಳನ್ನು ಹುಡುಕಿ ಕರೆತರುವ ಕೆಲಸ ಈ ಸೀಮೆಗೆ ಹೊಸದೂ ಅಲ್ಲ. 1787ರಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನು ಫ್ರಾನ್ಸಿಗೆ ಮೂವರು ರಾಯಭಾರಿಗಳನ್ನು ಕಳುಹಿಸಿದ. ಮರುವರ್ಷ ಅವರು ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ಸೈನ್ಯದ ನೆರವಿನ ಜೊತೆಗೆ ಸುಲ್ತಾನನು ಬೇಡಿದ್ದು ಕುಶಲಕರ್ಮಿಗಳನ್ನು. ಕೋವಿ ಮಾಡುವವರು, ಗಾಜು ಮಾಡುವವರು, ಗಡಿಯಾರ ಮಾಡುವವರು ಹೀಗೆ. ಸೈನ್ಯದ ನೆರವು ದೊರೆಯಲಿಲ್ಲ, ಕುಶಲಿಗಳು ಬಂದರು. ದೊರೆಯಾದವನು ರಾಯಭಾರಿಯನ್ನು ಕಳುಹಿಸಬಲ್ಲ. ಕೂಲಿಗೆ ದುಡಿಯುವವನ ಮಗಳಿಗೆ ರಾಯಭಾರಿಗಳಿರುವುದಿಲ್ಲ; ಹೆಸರು ಹೇಳುವವನೊಬ್ಬ ಸಿಕ್ಕಿದರೆ ಅದೇ ದೊಡ್ಡದು.

ಪ್ರೋಗ್ರಾಮರುಗಳ ವಿಷಯದಲ್ಲಿ ಈ ಹುಡುಕಾಟ ಮೊದಲಿನಿಂದಲೂ ಕಷ್ಟದ್ದೇ. 1950ರ ದಶಕದ ಅಮೆರಿಕದಲ್ಲಿ ಈ ವಿದ್ಯೆಗೆ ಪದವಿಯೆಂಬುದೇ ಇರಲಿಲ್ಲ. ಐ.ಬಿ.ಎಂ. ಕಂಪನಿ 1955ರಲ್ಲಿ ಬುದ್ಧಿಯ ಒಲವನ್ನು ಅಳೆಯುವ ಪರೀಕ್ಷೆಯೊಂದನ್ನು ರಚಿಸಿತು; ಚದುರಂಗದಲ್ಲಿ, ಸಂಗೀತ ರಚನೆಯಲ್ಲಿ ಆಸಕ್ತಿಯುಳ್ಳವರು ಈ ಕೆಲಸಕ್ಕೆ ಒಗ್ಗಬಹುದೆಂದು ಜಾಹೀರಾತುಗಳು ಸಾರಿದವು. ಭಾರತದಲ್ಲಿ ಕಾನ್ಪುರದ ಐ.ಐ.ಟಿ.ಗೆ 1963ರಲ್ಲಿ ಐ.ಬಿ.ಎಂ. 1620 ಯಂತ್ರ ಬಂದಾಗ ಅದನ್ನು ಬಳಸಲು ಕಲಿತವರು ಒಬ್ಬರನ್ನೊಬ್ಬರು ಬಲ್ಲ ಚಿಕ್ಕ ಬಳಗ. ಮೈಸೂರಿನ ರಾಷ್ಟ್ರೀಯ ಇಂಜಿನಿಯರಿಂಗ್ ಸಂಸ್ಥೆಯಲ್ಲಿ 1967ರಲ್ಲಿ ಪದವಿ ಪಡೆದ ಎನ್.ಆರ್. ನಾರಾಯಣಮೂರ್ತಿಯವರು ಆ ಕಾನ್ಪುರದ ಗರಡಿಯಲ್ಲಿ ಸಾಮು ಮಾಡಿದವರು. 1981ರಲ್ಲಿ ಇನ್ಫೋಸಿಸ್ ಹುಟ್ಟಿದಾಗ ಅದರ ಏಳು ಮಂದಿ ಸ್ಥಾಪಕರೂ ಅದಕ್ಕೆ ಮೊದಲು ಪಟ್ನಿ ಸಂಸ್ಥೆಯಲ್ಲಿ ಒಟ್ಟಿಗೆ ದುಡಿದವರಾಗಿದ್ದರು. ಯಾವ ಅರ್ಜಿಯ ರಾಶಿಯಿಂದಲೂ ಆರಿಸಿದವರಲ್ಲ. ಪಕ್ಕದ ಮೇಜಿನವನ ಕೆಲಸವನ್ನು ಕಂಡವರು.

ಕಂಡವರು ಎಂಬುದು ಇಲ್ಲಿ ಮುಖ್ಯವಾದ ಮಾತು. ಅಡಿಗೆಯವನ ಕೈಗುಣ ಒಂದು ಹೊತ್ತಿನ ಊಟದಲ್ಲಿ ತಿಳಿಯುತ್ತದೆ. ಪ್ರೋಗ್ರಾಮರನ ಕೈಗುಣ ತಿಳಿಯಲು ಅವನು ಬರೆದುದನ್ನು ಇನ್ನೊಬ್ಬ ಪ್ರೋಗ್ರಾಮರನೇ ಓದಬೇಕು. ಒಂದೇ ಲೆಕ್ಕವನ್ನು ಇಬ್ಬರು ಬಿಡಿಸುತ್ತಾರೆ, ಇಬ್ಬರ ಉತ್ತರವೂ ಸರಿ. ಆದರೆ ಒಬ್ಬನದು ಮೂರು ತಿಂಗಳಾದ ಮೇಲೆ ಬೇರೆಯವರು ಕೈಹಾಕಿದರೂ ಬಿಚ್ಚಿ ಜೋಡಿಸಲು ಬರುತ್ತದೆ. ಇನ್ನೊಬ್ಬನದು ಮುಟ್ಟಿದರೆ ಕುಸಿಯುತ್ತದೆ. ಅಂಕಪಟ್ಟಿ ಈ ಭೇದವನ್ನು ಹೇಳುವುದಿಲ್ಲ. ಅರ್ಧ ಗಂಟೆಯ ಸಂದರ್ಶನವೂ ಹೆಚ್ಚಾಗಿ ಹೇಳುವುದಿಲ್ಲ. ಅಲ್ಲಿ ಅನೇಕ ಸಲ ಗೆಲ್ಲುವುದು ಇಂಗ್ಲಿಷಿನ ನಿರರ್ಗಳತೆ. ಆದುದರಿಂದಲೇ, ಕೆಲಸವನ್ನು ಹತ್ತಿರದಿಂದ ಕಂಡವನ ಮಾತಿಗೆ ಕಂಪನಿಗಳು ಬೆಲೆ ಕೊಡುವುದರಲ್ಲಿ ನ್ಯಾಯವಿದೆ.

ತೊಡಕು ಇರುವುದು ಬೇರೆಡೆ. ಕಾಣುವವರು ಯಾರು, ಎಲ್ಲಿ ನಿಂತು ಕಾಣುತ್ತಾರೆ?

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮನಸ್ಸಿನಲ್ಲಿ ಹರಡಿಕೊಂಡು ನೋಡಬಹುದು. ಶ್ರೀರಂಗಪಟ್ಟಣ ಮೈಸೂರಿನ ಅಂಗಳದಲ್ಲಿದೆ. ನಡುವೆ ಹದಿನೈದು ಕಿಲೋಮೀಟರಿನ ಆಸುಪಾಸು. ಬೆಳವಾಡಿಯಲ್ಲಿ 2007ರಲ್ಲಿ ಆರಂಭವಾದ ಮಹಾರಾಜ ತಾಂತ್ರಿಕ ಸಂಸ್ಥೆ ಹೆಸರಿಗೆ ಮೈಸೂರಿನದಾದರೂ ಇರುವುದು ಈ ತಾಲ್ಲೂಕಿನಲ್ಲಿಯೇ. ಅಲ್ಲಿಯ ವಿದ್ಯಾರ್ಥಿಗೆ ಮೈಸೂರಿನ ಹೆಬ್ಬಾಳದಲ್ಲಿರುವ ಇನ್ಫೋಸಿಸ್ ಆವರಣ ಎಷ್ಟೋ ಹತ್ತಿರ. ಅಲ್ಲಿ ಕೆಲಸದಲ್ಲಿರುವ ಅಣ್ಣನೋ ಅಕ್ಕನೋ ಪಕ್ಕದ ಬೀದಿಯಲ್ಲೇ ಇರಬಹುದು. ಪಾಂಡವಪುರ, ಅಂದರೆ ಹಳಬರ ಬಾಯಿಯ ಹಿರೋಡೆ, ದೊರೆಗಳ ಬಾಯಿಯ ಫ್ರೆಂಚ್ ರಾಕ್ಸ್, ಮೈಸೂರಿಗೂ ಮಂಡ್ಯಕ್ಕೂ ಎಟುಕುವ ಊರು. ಅದೇ ತಾಲ್ಲೂಕಿನ ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತು ಪಾಣಿನಿಯ ವ್ಯಾಕರಣವನ್ನು ಕಂಪ್ಯೂಟರಿನ ಜೊತೆಗೆ ಸೇರಿಸಿ ನೋಡುವ ಕೆಲಸವನ್ನು ಬಹಳ ಹಿಂದೆಯೇ ಕೈಗೊಂಡಿತೆಂಬುದು ಅನೇಕರಿಗೆ ತಿಳಿಯದು.

ಕೃಷ್ಣರಾಜಪೇಟೆಯ ಕಥೆ ಬೇರೆ. ಅಲ್ಲಿ 2007ರಿಂದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಶುಲ್ಕ ಕಡಿಮೆಯಾದುದರಿಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳಿಗೆ ಇಂಥ ಕಾಲೇಜುಗಳೇ ಆಸರೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನ ಬಳಿ, ಬಿ.ಜಿ. ನಗರದಲ್ಲಿ, ಆದಿಚುಂಚನಗಿರಿ ಮಠದ ವಿದ್ಯಾಸಂಸ್ಥೆಗಳು ಊರೊಂದನ್ನೇ ಕಟ್ಟಿವೆ. 2017ರಲ್ಲಿ ತೆರೆದ ಬೆಂಗಳೂರು–ಹಾಸನ ರೈಲು ದಾರಿ ಅಲ್ಲಿ ನಿಲ್ಲುತ್ತದೆ. ಓದುವ ಅನುಕೂಲ ಹೀಗೆ ಹಳ್ಳಿಯ ಬಾಗಿಲಿಗೆ ಬಂದಿದೆ. ಓದಿದ ಮೇಲಿನ ದಾರಿಯ ಮಾತು ಬೇರೆ. ಮಂಡ್ಯದಲ್ಲಿ 1962ರಲ್ಲಿ ಕೆ.ವಿ. ಶಂಕರಗೌಡರ ಉದ್ಯಮದಿಂದ ಹುಟ್ಟಿದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿಗೆ ಅರುವತ್ತು ವರ್ಷಗಳ ಹಳೆಯ ವಿದ್ಯಾರ್ಥಿಗಳಿದ್ದಾರೆ. ಜಗತ್ತಿನ ಯಾವ ಮೂಲೆಯಲ್ಲಾದರೂ ಒಬ್ಬರು ಸಿಕ್ಕಾರು. ಹೊಸ ಕಾಲೇಜಿನ ಹುಡುಗಿಗೆ ಮುಂದೆ ಹೋದವರೇ ಕೆಲವರು. ಅವರಲ್ಲಿ ಅವಳ ಹೆಸರು ಬಲ್ಲವರು ಇನ್ನೂ ಕೆಲವರು.

ಈ ಜಿಲ್ಲೆಯವರಿಗೆ ಇದನ್ನು ನೀರಿನ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ತೂಬಿನ ಹತ್ತಿರದ ಗದ್ದೆಗೆ ಮೊದಲು ಹರಿಯುತ್ತದೆ; ಕೊನೆಯ ಭಾಗದ ರೈತ ರಾತ್ರಿಯೆಲ್ಲ ಕಾದು, ಬಂದಷ್ಟು ನೀರಿಗೆ ಬದು ಒಡೆಯಬೇಕು. ನಾಗಮಂಗಲದ ಬಹುಭಾಗಕ್ಕಂತೂ ಆ ನಾಲೆಯೇ ಇಲ್ಲ. ಮಳೆಯನ್ನು ನೆಚ್ಚಿದ ಬೆದ್ದಲು. ಶಿಫಾರಸು ಹರಿಯುವ ರೀತಿಯೂ ಹೀಗೆಯೇ. ಒಬ್ಬನಿಂದ ಅವನ ಭಾವಮೈದುನನಿಗೆ, ಅವನಿಂದ ಅವನ ಸಹಪಾಠಿಗೆ, ಅವನಿಂದ ಅವನ ಊರಿನವನಿಗೆ ಇಳಿಜಾರು ಇದ್ದ ಕಡೆಗೆ ಹೋಗುತ್ತದೆ. ಮೋಸವೇನೂ ಇಲ್ಲ. ಆದರೆ ಬೆದ್ದಲಿನ ಮಣ್ಣು ಫಲವತ್ತಾಗಿಲ್ಲವೆಂದು ಇದರಿಂದ ತೀರ್ಮಾನಿಸಿದರೆ ಅದು ತಪ್ಪು.

ಆ ನಾಲೆಗೆ ಹೆಸರು ಕೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಮೈಸೂರು ಸೀಮೆಯಲ್ಲಿ ಮನೆಮಾತಾಗಿರುವ ಸಂಗತಿಯೊಂದಿದೆ. 1912ರಲ್ಲಿ ದಿವಾನಗಿರಿಯನ್ನು ಒಪ್ಪಿಕೊಳ್ಳುವಾಗ ಅವರು ಹೆತ್ತ ತಾಯಿಯಿಂದಲೂ ಬಂಧುಗಳಿಂದಲೂ, ಯಾರೊಬ್ಬರ ಪರವಾಗಿಯೂ ತಮ್ಮ ಬಳಿ ಶಿಫಾರಸು ತರಕೂಡದೆಂದು ಮಾತು ಪಡೆದರಂತೆ. ಈ ಕಥೆಯನ್ನು ಕೇಳದ ಶಾಲೆಯ ಮಕ್ಕಳಿಲ್ಲ. ಕೇಳಿದವರು ಅದರ ಜೊತೆಗೆ ಇನ್ನೊಂದನ್ನೂ ನೆನೆಯಬೇಕು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಸರ್ಕಾರದ ನೌಕರಿಗಳೆಲ್ಲ ಏಕೆ ಕೆಲವೇ ಸಮುದಾಯಗಳ ಕೈಯಲ್ಲಿ ನಿಂತಿವೆ, ಹಿಂದುಳಿದವರಿಗೆ ದಾರಿ ಹೇಗೆ ಎಂಬುದು ಅದರ ವಿಚಾರಣೆ. ಅರ್ಹತೆಯ ಪಕ್ಷಪಾತಿಗಳಾಗಿದ್ದ ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷದ ಕೊನೆಗೆ ಅವರು ಅಧಿಕಾರದಿಂದ ಹೊರನಡೆದರು. ಇಬ್ಬರೂ ನಾಡಿನ ಹಿತವನ್ನೇ ಬಯಸಿದವರು. ಒಬ್ಬರು ಹಿತ್ತಲ ಬಾಗಿಲನ್ನು ಮುಚ್ಚಿದರು. ಇನ್ನೊಬ್ಬರು ಮುಂಬಾಗಿಲಿನ ತನಕ ಬರಲಾರದವರು ಎಷ್ಟು ಮಂದಿ ಎಂದು ಕೇಳಿದರು. ನೂರು ವರ್ಷ ಕಳೆದರೂ ಎರಡನೆಯ ಪ್ರಶ್ನೆ ಹಳಸಿಲ್ಲ.

ವಿದ್ವಾಂಸರು ಇದನ್ನು ಅಳೆದು ನೋಡಿದ್ದಾರೆ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ, ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಕೇಳಿ, 1973ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದ. ಪರಿಚಯದವರ ಮೂಲಕ ಕೆಲಸ ಸಿಕ್ಕಿತೆಂದವರಲ್ಲಿ, ಆ ಪರಿಚಯದವರನ್ನು ಪದೇ ಪದೇ ಕಾಣುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. 56ರಷ್ಟು ಮಂದಿ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು. 28ರಷ್ಟು ಮಂದಿ ಕಾಣುವುದೇ ಅಪರೂಪ. ಕಾರಣ ಸರಳವಾಗಿದೆ. ಒಂದೇ ಮನೆಯವರಿಗೆ, ಒಂದೇ ಜಗಲಿಯಲ್ಲಿ ಕೂರುವವರಿಗೆ ಗೊತ್ತಿರುವ ಸುದ್ದಿಯೂ ಒಂದೇ. ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ, ಮದುವೆ ಮನೆಯಲ್ಲಿ ಪಕ್ಕದ ಎಲೆಯಲ್ಲಿ ಕೂತವನಿಂದ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂದಿತು. ಲಿಂಕ್ಡ್‌ಇನ್ ಎಂಬ ಉದ್ಯೋಗಸ್ಥರ ಜಾಲದಲ್ಲಿ ಎರಡು ಕೋಟಿಗೂ ಹೆಚ್ಚು ಮಂದಿಯ ಐದು ವರ್ಷಗಳ ಲೆಕ್ಕ. ತೀರ ಹತ್ತಿರದವರೂ ಅಲ್ಲದ, ತೀರ ಅಪರಿಚಿತರೂ ಅಲ್ಲದ ನಡುವಿನ ಪರಿಚಯವೇ ಕೆಲಸ ದೊರಕಿಸುವುದರಲ್ಲಿ ಮುಂದು ಎಂದು ಅದರಲ್ಲಿ ಕಂಡಿತು. ಬಂಧುಬಳಗವೇ ತನ್ನ ಲೋಕವಾಗಿರುವ ಹಳ್ಳಿಯ ಹುಡುಗನಿಗೆ ಇಲ್ಲದಿರುವುದು ಈ ನಡುವಿನ ಪರಿಚಯವೇ. ಅದನ್ನು ಅವನು ಕೊಂಡು ತರಲಾರ. ಮೇಲಿರುವವನೇ ಕೈ ಚಾಚಬೇಕು.

ಇನ್ನು ಶಿಫಾರಸು ಮಾಡುವವನ ಮನಸ್ಸಿನ ವಿಚಾರ. ಲೋರಿ ಬೀಮನ್, ಜೆರೆಮಿ ಮ್ಯಾಗ್ರೂಡರ್ ಎಂಬ ಅರ್ಥಶಾಸ್ತ್ರಜ್ಞರು ಕೋಲ್ಕತ್ತದಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸೊಗಸಾಗಿದೆ. ಬುದ್ಧಿಯನ್ನು ಬಳಸುವ ಒಂದು ಕೆಲಸವನ್ನು ಜನರಿಂದ ಮಾಡಿಸಿ, ಇದನ್ನೇ ಮಾಡಬಲ್ಲ ಇನ್ನೊಬ್ಬರನ್ನು ಕರೆತನ್ನಿ ಎಂದರು. ಕೆಲವರಿಗೆ, ಯಾರನ್ನು ತಂದರೂ ಇಷ್ಟು ಹಣ ಎಂದು ಗೊತ್ತುಮಾಡಿದರು. ಕೆಲವರಿಗೆ, ತಂದವನು ಚೆನ್ನಾಗಿ ಮಾಡಿದರೆ ಹೆಚ್ಚು ಹಣ ಎಂದರು. ಎರಡನೆಯ ಗುಂಪಿನವರು ನಂಟರನ್ನು ಕಡಿಮೆ ತಂದರು, ಜೊತೆಯಲ್ಲಿ ದುಡಿದವರನ್ನು ಹೆಚ್ಚು ತಂದರು. ಅಂದರೆ ಯಾರು ಸಮರ್ಥರೆಂಬುದು ಅವರಿಗೆ ತಿಳಿದಿಲ್ಲವೆಂದಲ್ಲ. ಕೇಳಿದ ರೀತಿಗೆ ತಕ್ಕಂತೆ ಉತ್ತರ ಬಂದಿತು. ಇಷ್ಟೇ ಅಲ್ಲ, ತಾವೇ ಆ ಕೆಲಸದಲ್ಲಿ ನಿಪುಣರಾಗಿದ್ದವರು ಮಾತ್ರ ನಿಪುಣರನ್ನು ಆರಿಸಿ ತರಬಲ್ಲವರಾದರು.

ಇದೇ ವಿದ್ವಾಂಸರು ನಿಯಾಲ್ ಕೆಲಹರ್ ಎಂಬವರನ್ನು ಕೂಡಿಕೊಂಡು ಆಫ್ರಿಕದ ಮಲಾವಿಯಲ್ಲಿ ನಡೆಸಿದ ಇನ್ನೊಂದು ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಯಾರನ್ನಾದರೂ ಸೂಚಿಸಿ ಎಂದಾಗ ಗಂಡಸರು ಹೆಚ್ಚಾಗಿ ಗಂಡಸರನ್ನೇ ಸೂಚಿಸಿದರು. ಹೆಂಗಸರನ್ನೇ ಸೂಚಿಸಬೇಕೆಂದು ಬಾಯಿಬಿಟ್ಟು ಕೇಳಿದಾಗ, ಅದೇ ಗಂಡಸರು ಅರ್ಹರಾದ ಹೆಂಗಸರ ಹೆಸರು ಕೊಟ್ಟರು. ಮಲಾವಿಯ ಮಾತೇಕೆ? ದೊಡ್ಡಪ್ಪನವರ ಫೋನನ್ನೇ ನೆನೆಯಬಹುದು. ಅವರು ಕೇಳಿದ್ದು ಮೊಮ್ಮಗನಿಗಾಗಿ. ಅದೇ ಮನೆಯಲ್ಲಿ ಕಂಪ್ಯೂಟರ್ ಓದಿದ ಮೊಮ್ಮಗಳಿದ್ದರೆ, ಅವಳಿಗಾಗಿ ಬರುವ ಫೋನು ಬಹುಶಃ ಗಂಡು ಹುಡುಕುವುದಕ್ಕೆ.

ಹಾಗಾದರೆ ಹುಡುಕುವುದು ಹೇಗೆ? ಕನ್ನಡದ ಮೇಷ್ಟರುಗಳು ಇದನ್ನು ಬಹಳ ಹಿಂದೆಯೇ ಬಲ್ಲವರಾಗಿದ್ದರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಹೆಸರಿನಲ್ಲಿ ಹೊತ್ತ ಬಿ.ಎಂ. ಶ್ರೀಕಂಠಯ್ಯನವರ ಕಾಲದಲ್ಲಿ, 1927ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಅಲ್ಲಿ ಪಾಠ ಹೇಳಿದ ಟಿ.ಎಸ್. ವೆಂಕಣ್ಣಯ್ಯನವರಿಗೆ ಶಿಷ್ಯ ಕುವೆಂಪು ತಮ್ಮ ‘ಶ್ರೀರಾಮಾಯಣದರ್ಶನಂ’ ಕಾವ್ಯವನ್ನು ಅರ್ಪಿಸಿರುವುದನ್ನು ಬಲ್ಲವರಿಗೆ, ಶಿಷ್ಯನೊಬ್ಬನನ್ನು ಗುರುತಿಸುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಕಚೇರಿಗಳಿಗೆ ಮಾತ್ರ ಆ ಕಣ್ಣು ಇರುವುದು ಕಡಿಮೆ. ಮೇಲುಕೋಟೆಯ ಪು.ತಿ.ನ. ಅವರು ಮೈಸೂರು ಸರ್ಕಾರದ ಸೈನ್ಯ ಇಲಾಖೆಯ ಕಡತಗಳ ನಡುವೆ, ಕೃಷ್ಣರಾಜಪೇಟೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಗುಮಾಸ್ತೆಯ ಮೇಜಿನ ಹಿಂದೆ ಬಾಳು ಕಳೆದರು. ಪಕ್ಕದ ಮೇಜಿನವರಿಗೆ ಅವರು ಎಂಥವರೆಂಬುದು ಎಷ್ಟು ತಿಳಿದಿತ್ತೋ!

ಕಂಪ್ಯೂಟರಿನ ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ. ಮೊದಲ ದರ್ಜೆ ಯಾರದೆಂದು ಕೇಳಿದರೆ ಅಂಕಪಟ್ಟಿಯ ಉತ್ತರವೇ ಬರುತ್ತದೆ. ಪ್ರಯೋಗಶಾಲೆಯಲ್ಲಿ ಪ್ರೋಗ್ರಾಂ ಓಡದೆ ನಿಂತಾಗ ಎಲ್ಲರೂ ಯಾರ ಬಳಿಗೆ ಹೋಗುತ್ತಾರೆ ಎಂದು ಕೇಳಬೇಕು. ಮೇಷ್ಟರಿಗಿಂತ ಸಹಪಾಠಿಗಳಿಗೆ, ಅವರಿಗಿಂತ ಪ್ರಯೋಗಶಾಲೆಯ ಸಹಾಯಕನಿಗೆ ಇದು ಹೆಚ್ಚು ಗೊತ್ತು. ಸಂಜೆ ಬೀಗ ಹಾಕುವ ಹೊತ್ತಿಗೂ ಏಳದೆ ಕೂತವರು ಯಾರೆಂದು ಆತ ಬಲ್ಲ. ಒಂದು ತಪ್ಪನ್ನು ಹುಡುಕುತ್ತ ಮೂರು ಗಂಟೆ ಕೂರುವ ತಾಳ್ಮೆ ಈ ಕಸುಬಿನ ಅರ್ಧ ವಿದ್ಯೆ.

ಇನ್ನೊಂದು ಗುರುತು, ಯಾರೂ ಹೇಳದೆ ಮಾಡಿದ ಕೆಲಸ. ಊರಿನ ಹಾಲಿನ ಡೇರಿಯ ಲೆಕ್ಕಕ್ಕೋ ಅಪ್ಪನ ಅಂಗಡಿಯ ಸಾಲದ ಪಟ್ಟಿಗೋ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟವರು, ಪರೀಕ್ಷೆಗಾಗಿ ಮಾತ್ರ ಓದಿದವರಿಗಿಂತ ಬೇರೆ ಜಾತಿಯವರು. ಗಿಟ್‌ಹಬ್‌ನಂಥ ಸಾರ್ವಜನಿಕ ಕಣಜಗಳಲ್ಲಿ ತಮ್ಮ ಪ್ರೋಗ್ರಾಮುಗಳನ್ನು ಇಡುವವರ ಕೆಲಸವನ್ನು ಊರು ಕೇರಿ ನೋಡದೆ ಯಾರು ಬೇಕಾದರೂ ಓದಬಹುದು. ಗೂಗಲ್ ಸಂಸ್ಥೆ 2005ರಿಂದ ಬೇಸಗೆಯಲ್ಲಿ ನಡೆಸುತ್ತಿರುವ ‘ಸಮ್ಮರ್ ಆಫ್ ಕೋಡ್’ ಯೋಜನೆಗೆ ಇಂಥ ಕೆಲಸವೇ ಪರಿಚಯಪತ್ರ. ದಾರಿ ಇದೆ, ಆದರೆ ದಾರಿ ಇದೆಯೆಂದು ಹೇಳುವವರು ಬೇಕು. ನಾಗಮಂಗಲದ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಓಡಾಡುವ ಹುಡುಗಿಗೆ, ಸಂಜೆ ಮನೆ ಸೇರಿದ ಮೇಲೆ ಹಟ್ಟಿಯ ಕೆಲಸ ಕಾದಿರುತ್ತದೆ.

ಎಚ್ಚರಿಕೆಯೂ ಬೇಕು. ಕೊನೆಯ ವರ್ಷದ ಪ್ರಾಜೆಕ್ಟನ್ನು ಸಿದ್ಧಪಡಿಸಿ ಮಾರುವ ಅಂಗಡಿಗಳು ಬೆಂಗಳೂರಿನಲ್ಲಿ ಉಂಟು; ಇಲ್ಲದ ಅನುಭವಕ್ಕೆ ಪತ್ರ ಬರೆದುಕೊಡುವವರೂ ಉಂಟು. ಕೆಲಸ ಕೊಡಿಸುತ್ತೇನೆಂದು ಹಣ ಕೇಳುವವನ ಕಡೆ ತಿರುಗಿಯೂ ನೋಡಬಾರದು. ಸಾಲದುದಕ್ಕೆ, 2022ರ ಕೊನೆಯಿಂದ ಈಚೆಗೆ ಹೇಳಿದ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುವ ಕಾಲ ಬಂದಿದೆ. ಆದುದರಿಂದ ಬರೆದುದನ್ನು ನೋಡಿದರೆ ಸಾಲದು. ಇದನ್ನು ಹೀಗೇಕೆ ಬರೆದೆ, ಬೇರೆ ಬಗೆಯಲ್ಲಿ ಬರೆದಿದ್ದರೆ ಏನು ಕೆಡುತ್ತಿತ್ತು ಎಂದು ಕೂತು ಕೇಳಬೇಕು. ಕೇಳುವುದು ಕನ್ನಡದಲ್ಲಿಯೇ ಆಗಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಎಷ್ಟೋ ಮಕ್ಕಳು ಇಂಗ್ಲಿಷಿನ ಪ್ರಶ್ನೆಗೆ ತಲೆತಗ್ಗಿಸಿ ಕೂರುತ್ತಾರೆ. ಅದೇ ಪ್ರಶ್ನೆಯನ್ನು ಮನೆಯ ಮಾತಿನಲ್ಲಿ ಕೇಳಿದರೆ ಚಾಪೆಯ ಮೇಲೆ ಚಿತ್ರ ಬರೆದು ವಿವರಿಸುತ್ತಾರೆ. ಇಂಗ್ಲಿಷನ್ನು ಆರು ತಿಂಗಳಲ್ಲಿ ತಿದ್ದಿಕೊಳ್ಳಬಹುದು. ಆ ಚಿತ್ರ ಬರೆಯುವ ಬುದ್ಧಿಯನ್ನು ಆರು ತಿಂಗಳಲ್ಲಿ ಯಾರೂ ತುಂಬಲಾರರು.

ಬಳಿಕ ಬರೆಯುವ ಮಾತು. ‘ಹುಡುಗ ಬುದ್ಧಿವಂತ, ವಿನಯಶಾಲಿ, ಶ್ರಮಜೀವಿ’ ಎಂಬ ಒಕ್ಕಣೆಗೆ ಮದುವೆಯ ಮಾತುಕತೆಯಲ್ಲಿಯೂ ಈಗ ಬೆಲೆಯಿಲ್ಲ. ಇಂಥ ದಿನ ಇವರ ಇಂಥ ಕೆಲಸವನ್ನು ನೋಡಿದೆ, ಇಂಥ ತೊಡಕನ್ನು ಹೀಗೆ ಬಿಡಿಸಿದರು, ಇಂಥದು ಇವರಿಗೆ ಇನ್ನೂ ಬಾರದು ಎಂದು ಬರೆದರೆ ಓದುವವನು ನಿಂತು ಓದುತ್ತಾನೆ. ಬಾರದುದನ್ನು ಬರೆಯುವುದಕ್ಕೆ ಅನೇಕರು ಹಿಂಜರಿಯುತ್ತಾರೆ. ವಾಸ್ತವವಾಗಿ ಉಳಿದ ಮಾತುಗಳನ್ನು ನಂಬುವಂತೆ ಮಾಡುವುದೇ ಆ ಒಂದು ಸಾಲು. ನಂಟನಾಗಿದ್ದರೆ ನಂಟನೆಂದೂ ಬರೆಯಬೇಕು.

ವಿಜಯನಗರದ ಮನೆಗೆ ಅಂದು ಸಂಜೆ ಮತ್ತೆ ಫೋನು ಬರುತ್ತದೆ. ಈ ಸಲ ಹುಡುಗನೇ. ಬಹಳ ಸಂಕೋಚದ ದನಿ.

“ಅಣ್ಣಾ, ತಾತ ಫೋನ್ ಮಾಡು ಅಂದ್ರು…”

“ಹೇಳಪ್ಪ. ರೆಸ್ಯೂಮೆ ಆಮೇಲೆ. ಮೊದಲು ಒಂದು ಹೇಳು. ನಿಮ್ಮ ಲ್ಯಾಬಲ್ಲಿ ಪ್ರೋಗ್ರಾಂ ಓಡದೆ ಇದ್ರೆ ಯಾರನ್ನ ಕೇಳ್ತಿದ್ರಿ ನೀವೆಲ್ಲ?”

ಆ ಕಡೆ ಕೊಂಚ ಹೊತ್ತು ಮೌನ. ಹುಡುಗ ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. ತನ್ನ ಹೆಸರನ್ನೇ ಹೇಳಿಬಿಡಬಹುದೆಂದು ಅವನಿಗೆ ತೋರಿರಲೂಬಹುದು.

“ನಾಗಮಂಗಲದ ಕಡೆಯಿಂದ ಒಬ್ಳು ಬರ್ತಿದ್ಳು ಅಣ್ಣ. ಅವಳನ್ನೇ ಎಲ್ರೂ ಕೇಳ್ತಿದ್ದಿದ್ದು. ಮೇಷ್ಟ್ರೂ ಒಂದ್ಸಲ ಕೇಳಿದ್ರು.”

“ಈಗೇನು ಮಾಡ್ತಿದ್ದಾಳೆ?”

“ಮನೇಲೇ ಅವ್ಳೆ ಅನ್ಸುತ್ತೆ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಮಾತೇ ಆಡ್ಲಿಲ್ವಂತೆ.”

“ಅವಳನ್ನ ಕೇಳಿ, ಒಪ್ಪಿದರೆ ನನ್ನ ನಂಬರು ಕೊಡು. ಅವಳು ಬರೆದಿದ್ದು ಏನಾದರೂ ಇದ್ದರೆ ಕಳಿಸಲಿ.”

“ಆಯ್ತಣ್ಣ.” ಮತ್ತೆ ಒಂದು ನಿಮಿಷದ ಮೌನ. “ಅಣ್ಣಾ, ನಂದೂ ಕಳಿಸ್ಲಾ?”

“ನಿಂದೂ ಕಳಿಸು.”